ತೌರಾತ್‌ನ ಭಾಷೆಯನ್ನು ಪದ ಪದವಾಗಿ ಓದಿದಾಗ

"ಕಿತಾಬಿನಲ್ಲಿ ಬರೆದಿದೆ."

ಪ್ರಿಯ ಸಹೋದರಿಯರೇ, ಈ ಮಾತನ್ನು ನೀವು ಎಷ್ಟು ಸಲ ಕೇಳಿರಬಹುದು? ಮಗಳ ಓದಿನ ವಿಷಯ ಇರಲಿ, ಸೊಸೆಯ ಉದ್ಯೋಗದ ವಿಷಯ ಇರಲಿ, ಆಸ್ತಿಯ ಪಾಲಿನ ವಿಷಯ ಇರಲಿ, ಚರ್ಚೆ ಬಿಸಿಯೇರಿದಾಗ ಯಾರೋ ಒಬ್ಬರು ಈ ಮಾತನ್ನು ಎಸೆಯುತ್ತಾರೆ. ಅಲ್ಲಿಗೆ ಎಲ್ಲರ ಬಾಯಿಯೂ ಮುಚ್ಚುತ್ತದೆ. ಎಲ್ಲಿ ಬರೆದಿದೆ, ಯಾವ ಪದದಲ್ಲಿ ಬರೆದಿದೆ, ಆ ಪದದ ಅರ್ಥವೇನು ಎಂದು ಕೇಳುವವರು ಕಡಿಮೆ. ಇದು ನಮ್ಮ ಮನೆಗಳ ಕಥೆ ಮಾತ್ರವಲ್ಲ. ಗ್ರಂಥವನ್ನು ನಂಬುವ ಎಲ್ಲ ಸಮುದಾಯಗಳ ಮನೆಗಳಲ್ಲೂ ಮಹಿಳೆಯರು ಈ ಮಾತಿನ ಮುಂದೆ ಮೌನವಾಗಿದ್ದಾರೆ.

ಆದರೆ ಗ್ರಂಥವನ್ನು ಅದರ ಮೂಲ ಭಾಷೆಯಲ್ಲಿ, ಒಂದೊಂದೇ ಪದವಾಗಿ, ಅವಸರವಿಲ್ಲದೆ ಓದುವ ಒಂದು ಅಭ್ಯಾಸವೂ ಪ್ರಪಂಚದಲ್ಲಿ ಬಹಳ ಹಿಂದಿನಿಂದ ಇದೆ. ಪವಿತ್ರ ಕುರ್‌ಆನನ್ನು ಹಾಗೆ ಓದುವವರು ನಮ್ಮಲ್ಲಿದ್ದಾರೆ. ಹ. ಮೂಸಾ(ಅ) ಅವರ ಜನಾಂಗದವರು ತಮ್ಮ ಗ್ರಂಥವನ್ನು ಹೀಬ್ರೂ ಭಾಷೆಯಲ್ಲಿ ಹಾಗೆ ಓದುತ್ತಾ ಬಂದಿದ್ದಾರೆ. ಉರ್ದುವಿನಲ್ಲಿ ಇದನ್ನು ಇಬ್ರಾನಿ ಎನ್ನುತ್ತೇವೆ. ಅಷ್ಟು ದೂರದ ಭಾಷೆ ನಮಗೇಕೆ ಎನ್ನಬೇಡಿ. ದಿನವೂ ಕುರ್‌ಆನ್ ಪಾರಾಯಣ ಮಾಡುವ ನಿಮಗೆ ಈ ಭಾಷೆ ನೀವು ಊಹಿಸಿರುವುದಕ್ಕಿಂತ ಬಹಳ ಹತ್ತಿರದ್ದು.

ಅಬ್ಜದ್ ಎಂಬ ಹಳೆಯ ನೆಂಟಸ್ತಿಕೆ

786 ಎಂಬ ಸಂಖ್ಯೆ ನಿಮಗೆ ಗೊತ್ತು. ಬಿಸ್ಮಿಲ್ಲಾದ ಅಕ್ಷರಗಳಿಗೆ ಅಬ್ಜದ್ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ಬರುವ ಮೊತ್ತ ಅದು. ಈ ಲೆಕ್ಕ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ "ಅಬ್ಜದ್, ಹವ್ವಜ್, ಹುತ್ತೀ, ಕಲಿಮನ್" ಎಂಬ ಆ ಕ್ರಮವನ್ನು ಗಮನಿಸಿ. ಇಂದು ಮಕ್ಕಳು ಕಲಿಯುವ ಅಲಿಫ್, ಬಾ, ತಾ ಕ್ರಮ ಅದಲ್ಲ. ಅಲಿಫ್ ಆದ ಮೇಲೆ ಬಾ, ನಂತರ ಜೀಮ್, ನಂತರ ದಾಲ್. ಹೀಬ್ರೂ ಅಕ್ಷರಮಾಲೆಯ ಕ್ರಮವೂ ಇದೇ: ಆಲೆಫ್, ಬೇತ್, ಗಿಮೆಲ್, ದಾಲೆತ್. ಹೀಬ್ರೂವಿನಲ್ಲಿ ಒಟ್ಟು 22 ಅಕ್ಷರಗಳಿವೆ. ಅಬ್ಜದ್‌ನ ಮೊದಲ 22 ಅಕ್ಷರಗಳು ಅವುಗಳಿಗೇ ಹೊಂದುತ್ತವೆ. ಕೊನೆಯ ಆರು ಅಕ್ಷರಗಳು ಮಾತ್ರ ಅರಬಿ ಭಾಷೆಗೆ ಸೇರ್ಪಡೆಯಾಗಿ, ಒಟ್ಟು 28 ಆದವು.

ಹೀಬ್ರೂವನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ. ಹಳೆಯ ಹೀಬ್ರೂ ಬರವಣಿಗೆಯಲ್ಲಿ ವ್ಯಂಜನಗಳಷ್ಟೇ ಇದ್ದವು. ನಮಗೆ ಜಬರ್, ಜೇರ್, ಪೇಶ್ ಇದ್ದಂತೆ ಅವರಿಗೂ ಅಕ್ಷರದ ಮೇಲೆ, ಕೆಳಗೆ ಇಡುವ ಚಿಹ್ನೆಗಳು ನಂತರ ಬಂದವು. ಫಲಸ್ತೀನಿನ ತಬರಿಯ್ಯಾ ನಗರದ ವಿದ್ವಾಂಸರು ಸುಮಾರು 7ರಿಂದ 10ನೇ ಶತಮಾನದ ನಡುವೆ ಈ ಕೆಲಸವನ್ನು ಪೂರ್ಣಗೊಳಿಸಿದರು. ಆ ಪದ್ಧತಿಯಲ್ಲಿ ಬರೆದ, ಇಂದಿಗೂ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಹಸ್ತಪ್ರತಿ ಸುಮಾರು 1008ರಲ್ಲಿ ಕೈರೋದಲ್ಲಿ ಸಿದ್ಧವಾದದ್ದು. ಅದು ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

ಇನ್ನು ಪದಗಳಿಗೆ ಬನ್ನಿ. ಸಲಾಮ್ ಅಲ್ಲಿ ಶಾಲೋಮ್. ಶಮ್ಸ್ ಅಲ್ಲಿ ಶೆಮೆಶ್. ಲಿಸಾನ್ ಅಲ್ಲಿ ಲಾಶೋನ್. ನಫ್ಸ್ ಅಲ್ಲಿ ನೆಫೆಶ್. ರೂಹ್ ಅಲ್ಲಿ ರೂಅಹ್. ಬೈತ್ ಅಲ್ಲಿ ಬಾಯಿತ್. ಯೌಮ್ ಅಲ್ಲಿ ಯೋಮ್. ಅರಬಿಯ 'ಸ' ಅನೇಕ ಕಡೆ ಹೀಬ್ರೂವಿನಲ್ಲಿ 'ಶ' ಆಗುತ್ತದೆ ಎಂಬ ಒಂದು ಸೂತ್ರ ತಿಳಿದರೆ ಎಷ್ಟೋ ಪದಗಳ ಬೀಗ ತಾನಾಗಿ ತೆರೆಯುತ್ತದೆ. ಮಕ್ಕಳೊಡನೆ ಎಣಿಸಿ ನೋಡಿ. ಅಹದ್ - ಎಹಾದ್, ಅರ್ಬಅ್ - ಅರ್ಬಾ, ಖಮ್ಸ್ - ಹಾಮೇಶ್, ಸಬ್ಅ್ - ಶೇವಾ, ಅಶ್ರ್ - ಎಸೆರ್. ಮಕ್ಕಳಿಗೆ ಇದೊಂದು ಆಟವಾಗುತ್ತದೆ.

ಇನ್ನೊಂದು ವಿಷಯವಂತೂ ಗಮನಾರ್ಹ. ಯಹೂದಿಯರು ತಮ್ಮ ಗ್ರಂಥವನ್ನು ಕರೆಯುವ ಹೆಸರುಗಳಲ್ಲಿ ಒಂದು 'ಮಿಕ್ರಾ'. ಅದರ ಮೂಲಧಾತು ಕ್-ರ್-ಅ. ಅಂದರೆ ಓದು, ಕೂಗಿ ಹೇಳು. ಕುರ್‌ಆನ್ ಎಂಬ ಪದದ ಮೂಲವೂ ಇದೇ. ಎರಡೂ ಹೆಸರುಗಳು ಹೇಳುವುದು ಒಂದೇ: ಇದು ಬಟ್ಟೆ ಸುತ್ತಿ ಎತ್ತರದಲ್ಲಿ ಇಡುವ ವಸ್ತುವಲ್ಲ, ಓದಬೇಕಾದ ವಸ್ತು.

ಕೊಡಂಬಲದಲ್ಲಿ ಕೂತು ಯೋಚಿಸಿದರೆ

ಪದ ಪದವಾಗಿ ಓದುವುದು ಪಂಡಿತರ ಕೆಲಸ, ನಮಗೆಲ್ಲಿ ಸಾಧ್ಯ ಎನ್ನುತ್ತೀರಾ? ಹಾಗಾದರೆ ಹುಮನಾಬಾದ್ ಕಡೆಯ ಕೊಡಂಬಲದಂತಹ ಒಂದು ಊರನ್ನು ನೆನಪಿಸಿಕೊಳ್ಳಿ. ಮೂರು ರಾಜ್ಯಗಳು ಸೇರುವ ಬೀದರ್ ಜಿಲ್ಲೆ ಅದು. ಮನೆಯೊಳಗೆ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ತೆಲುಗು, ನಮಾಜಿನಲ್ಲಿ ಅರಬಿ. ಇಂತಹ ಊರಿನ ಹೆಣ್ಣುಮಗಳು ಅಕ್ಷರ ಕಲಿಯದಿದ್ದರೂ ಒಂದು ಭಾಷೆಯ ಪದ ಇನ್ನೊಂದು ಭಾಷೆಗೆ ಹೋದಾಗ ಏನಾಗುತ್ತದೆ ಎಂಬುದನ್ನು ಅನುಭವದಿಂದ ಬಲ್ಲಳು. ಇದು ದೊಡ್ಡ ವಿದ್ಯೆ.

ಉದಾಹರಣೆಗೆ, ಅಲ್ಲೇ ಸಮೀಪದ ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದ ಶರಣರು ಬಳಸಿದ 'ಕಾಯಕ' ಎಂಬ ಪದವನ್ನು ತೆಗೆದುಕೊಳ್ಳಿ. ಅದನ್ನು ಉರ್ದುವಿಗೆ 'ಕಾಮ್' ಎಂದೋ 'ಮಜ್ದೂರಿ' ಎಂದೋ ಅನುವಾದಿಸಬಹುದು. ತಪ್ಪೇನೂ ಇಲ್ಲ. ಆದರೆ ದುಡಿಮೆಯೇ ಪೂಜೆಯಾಗುವ, ಯಾವ ದುಡಿಮೆಯೂ ಕೀಳಲ್ಲ ಎನ್ನುವ ಭಾವ ಆ ಅನುವಾದದಲ್ಲಿ ಉಳಿಯಿತೇ? ಪದ ದಾಟಿತು, ಅರ್ಥದ ಅರ್ಧ ಭಾಗ ಈಚೆ ದಡದಲ್ಲೇ ಉಳಿಯಿತು. 'ದಾಸೋಹ'ವನ್ನು 'ಖಾನಾ ಖಿಲಾನಾ' ಎಂದರೆ ಹೇಗಿರುತ್ತದೆಯೋ ಯೋಚಿಸಿ.

ನಮ್ಮ ಊರಿನ ಒಂದು ಪದಕ್ಕೆ, ಕೇವಲ ಎಂಟು ನೂರು ಚಿಲ್ಲರೆ ವರ್ಷಗಳ ಹಿಂದಿನ ಪದಕ್ಕೆ ಹೀಗಾಗುವುದಾದರೆ, ಸಾವಿರಾರು ವರ್ಷ ಹಿಂದಿನ ಗ್ರಂಥವೊಂದು ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ದಾಟಿ ನಮ್ಮ ಕಿವಿಗೆ ತಲುಪುವಾಗ ಏನೇನು ಆಗಿರಬಹುದು?

ಒಂದು ಪದ, ಎರಡು ಕೊಂಬು

ಏನಾಗಬಹುದು ಎಂಬುದಕ್ಕೆ ರೋಮ್ ನಗರದಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಪ್ರಸಿದ್ಧ ಶಿಲ್ಪಿ ಮೈಕೆಲ್ಯಾಂಜೆಲೊ 1513ರ ನಂತರ ಕೆತ್ತಿದ ಮೂಸಾ ಪ್ರವಾದಿಯ ವಿಗ್ರಹದ ತಲೆಯ ಮೇಲೆ ಎರಡು ಕೊಂಬುಗಳಿವೆ! ಪ್ರವಾದಿಯೊಬ್ಬರಿಗೆ ಕೊಂಬು ಎಲ್ಲಿಂದ ಬಂತು?

ತೌರಾತ್‌ನ ವಿಮೋಚನಕಾಂಡ ಎಂಬ ಭಾಗದ 34ನೇ ಅಧ್ಯಾಯದಲ್ಲಿ ಹ. ಮೂಸಾ(ಅ) ಬೆಟ್ಟದಿಂದ ಇಳಿದು ಬರುವಾಗ ಅವರ ಮುಖ ಹೇಗಿತ್ತು ಎಂದು ಹೇಳುವಲ್ಲಿ 'ಕಾರನ್' ಎಂಬ ಕ್ರಿಯಾಪದವಿದೆ. ಅದೇ ಮೂಲದ 'ಕೆರೆನ್' ಎಂಬ ಪದಕ್ಕೆ ಕೊಂಬು ಎಂದರ್ಥ. ಕುರ್‌ಆನಿನ ದುಲ್‌ಕರ್‌ನೈನ್ ಎಂಬ ಹೆಸರಿನಲ್ಲಿರುವ 'ಕರ್ನ್' ಎಂಬುದೂ ಇದರ ಒಡಹುಟ್ಟು. ಆದರೆ ಇಲ್ಲಿ ಕ್ರಿಯಾಪದಕ್ಕೆ ಕಿರಣಗಳನ್ನು ಸೂಸು, ಹೊಳೆ ಎಂಬ ಅರ್ಥ. ಮುಖ ಪ್ರಕಾಶಿಸುತ್ತಿತ್ತು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ತಾತ್ಪರ್ಯ. ಕ್ರಿ.ಶ. 400ರ ಸುಮಾರಿಗೆ ಜೆರೋಮ್ ಎಂಬ ಪಂಡಿತರು ಲ್ಯಾಟಿನ್ ಭಾಷೆಗೆ ಅನುವಾದಿಸುವಾಗ ಕೊಂಬಿನ ಅರ್ಥವನ್ನೇ ಇಟ್ಟರು. ಸಾವಿರ ವರ್ಷಗಳ ಕಾಲ ಯೂರೋಪಿನ ಜನ ಲ್ಯಾಟಿನ್ ಮಾತ್ರ ಓದಿದರು. ಚಿತ್ರಗಾರರು ಕೊಂಬು ಬರೆದರು, ಶಿಲ್ಪಿಗಳು ಕೊಂಬು ಕೆತ್ತಿದರು. ಯಹೂದಿಯರಿಗೇ ಕೊಂಬಿದೆ ಎಂಬ ಕೆಟ್ಟ ಗೇಲಿಯನ್ನು ಬೆಳೆಸುವುದರಲ್ಲಿ ಇಂತಹ ಚಿತ್ರಗಳಿಗೂ ಪಾಲಿತ್ತು.

ನೋಡಿದಿರಾ? ಒಂದೇ ಪದ. ಅದನ್ನು ಮೂಲದಲ್ಲಿ ನೋಡುವವರು ಇಲ್ಲದಿದ್ದಾಗ ತಪ್ಪು ಕಲ್ಲಾಗಿ ನಿಂತುಬಿಡುತ್ತದೆ.

ಪಕ್ಕೆಲುಬೇ, ಪಕ್ಕವೇ?

ಈಗ ನಮ್ಮ ನಿಮ್ಮ ವಿಷಯಕ್ಕೆ ಬರೋಣ. ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ಮೊದಲ ಸ್ತ್ರೀಯ ಸೃಷ್ಟಿಯ ವಿಷಯ ಬರುತ್ತದೆ. ಅಲ್ಲಿ ಅವಳನ್ನು ಕರೆದಿರುವ ಪದ 'ಏಜೆರ್'. ಇದಕ್ಕೆ ಅನೇಕ ಭಾಷೆಗಳಲ್ಲಿ 'ಸಹಾಯಕಿ' ಎಂಬ ಅನುವಾದ ಬಂದಿದೆ. ಸಹಾಯಕಿ ಎಂದೊಡನೆ ನಮ್ಮ ಮನಸ್ಸಿಗೆ ಬರುವುದೇನು? ಯಜಮಾನನ ಕೈಕೆಳಗೆ ನಿಂತು ನೀರು ಕೊಡುವವಳು, ಹೇಳಿದ ಕೆಲಸ ಮಾಡುವವಳು. ಈ ಪದವನ್ನು ಹಿಡಿದು ಎಷ್ಟೋ ಉಪದೇಶಗಳು ನಡೆದಿವೆ.

ಪದ ಪದವಾಗಿ ಓದುವವರು ಇಲ್ಲಿ ಒಂದು ಕೆಲಸ ಮಾಡುತ್ತಾರೆ. ಈ ಪದ ಇಡೀ ಗ್ರಂಥದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುತ್ತಾರೆ. 'ಏಜೆರ್' ಹೀಬ್ರೂ ಗ್ರಂಥದಲ್ಲಿ 21 ಬಾರಿ ಬರುತ್ತದೆ. ಎರಡು ಬಾರಿ ಸ್ತ್ರೀಯ ಬಗ್ಗೆ. ಉಳಿದ ಹೆಚ್ಚಿನ ಕಡೆಗಳಲ್ಲಿ ಅದು ದೇವನಿಂದ ಬರುವ ನೆರವಿನ ಬಗ್ಗೆ! ಕಷ್ಟದಲ್ಲಿ ಸಿಲುಕಿದವನಿಗೆ ಒದಗುವ ಬಲವಾದ ಆಸರೆಗೆ ಆ ಪದವಿದೆ. ಅದರ ಜೊತೆಗೆ ಬರುವ 'ಕೆನೆಗ್ದೋ' ಎಂಬ ಪದಕ್ಕೆ 'ಅವನಿಗೆ ಎದುರಾಗಿ, ಸರಿಸಮವಾಗಿ' ಎಂಬ ಭಾವವಿದೆ. ಹಿಂದೆ ನಡೆಯುವವಳು ಎಂದಲ್ಲ, ಮುಖಾಮುಖಿ ನಿಲ್ಲುವವಳು.

ಇನ್ನು 'ಪಕ್ಕೆಲುಬು'. ಹೀಬ್ರೂ ಪದ 'ತ್ಸೇಲಾ'. ಇದು ಸುಮಾರು 40 ಬಾರಿ ಬರುತ್ತದೆ. ಪವಿತ್ರ ಪೆಟ್ಟಿಗೆಯ ಪಕ್ಕ, ಗುಡಾರದ ಪಕ್ಕ, ಬೆಟ್ಟದ ಪಕ್ಕ ಎಂದು ಹೇಳುವಾಗ ಇದೇ ಪದ. ಆದ್ದರಿಂದ ಸ್ತ್ರೀಯ ಸೃಷ್ಟಿಯ ಸಂದರ್ಭದಲ್ಲೂ ಅದು ಒಂದು ಎಲುಬಲ್ಲ, ಒಂದು ಪಾರ್ಶ್ವ ಎಂದು ಹಲವು ಯಹೂದಿ ವ್ಯಾಖ್ಯಾನಕಾರರು ಹಿಂದಿನಿಂದಲೂ ಹೇಳಿದ್ದಾರೆ. ಹಾಗೆಂದು ಪಕ್ಕೆಲುಬು ಎಂಬುದು ಶುದ್ಧ ತಪ್ಪು ಎಂದು ಸಂತೋಷಪಡುವುದಕ್ಕೂ ಅವಸರ ಬೇಡ. ಅರಬಿಯಲ್ಲಿ ಇದರ ಒಡಹುಟ್ಟು ಪದ 'ದಿಲ್ಅ್'. ಅದಕ್ಕೆ ಪಕ್ಕೆಲುಬು ಎಂಬ ಅರ್ಥವೇ ಪ್ರಸಿದ್ಧ. ಹದೀಸ್‌ಗಳಲ್ಲೂ ಆ ಪದ ಬಂದಿದೆ. ಕುರ್‌ಆನ್ ಮಾತ್ರ ಎಲುಬಿನ ಪ್ರಸ್ತಾಪ ಮಾಡದೆ, ಸೂರಃ ಅನ್ನಿಸಾದ ಆರಂಭದಲ್ಲಿ ಒಂದೇ 'ನಫ್ಸ್'ನಿಂದ ಸೃಷ್ಟಿಯಾದ ಜೋಡಿಯ ಬಗ್ಗೆ ಹೇಳುತ್ತದೆ.

ಪದ ಪದವಾಗಿ ಓದುವುದರ ಪ್ರಯೋಜನ ಇದು. ನಮಗೆ ಬೇಕಾದ ಉತ್ತರ ಯಾವಾಗಲೂ ಸಿಗುತ್ತದೆಂದಲ್ಲ. ಆದರೆ ಎಲ್ಲಿ ಪದ ಖಚಿತವಾಗಿದೆ, ಎಲ್ಲಿ ಎರಡು ಅರ್ಥಗಳಿಗೆ ಎಡೆಯಿದೆ, ಎಲ್ಲಿ ಅನುವಾದಕ ತನ್ನ ಕಾಲದ ಅಭಿಪ್ರಾಯವನ್ನು ಸೇರಿಸಿದ್ದಾನೆ ಎಂಬುದು ಗೊತ್ತಾಗುತ್ತದೆ. "ಬರೆದಿದೆ" ಎನ್ನುವವರಿಗೆ "ಯಾವ ಪದ?" ಎಂದು ವಿನಯದಿಂದ ಕೇಳುವ ಧೈರ್ಯ ಬರುತ್ತದೆ.

ಹಾಜಿರಾರ ಕಥೆ ಹೆಸರಿನಲ್ಲೇ ಇದೆ

ಮರಳುಗಾಡಿನಲ್ಲಿ ಮಗುವಿನೊಂದಿಗೆ ಒಂಟಿಯಾದ ಹ. ಹಾಜಿರಾ(ಅ) ಅವರ ಕಥೆ ನಮಗೆಲ್ಲ ಗೊತ್ತು. ಹಜ್ಜ್‌ಗೆ ಹೋದವರು ಸಫಾ ಮರ್ವಾಗಳ ನಡುವೆ ನಡೆಯುವುದು ಆ ತಾಯಿಯ ಹೆಜ್ಜೆಯ ಮೇಲೆಯೇ. ತೌರಾತ್‌ನಲ್ಲೂ ಅವರ ಕಥೆ ಇದೆ. ಸ್ಥಳ, ಸಂದರ್ಭಗಳಲ್ಲಿ ನಮ್ಮ ಪರಂಪರೆಗೂ ಅದಕ್ಕೂ ವ್ಯತ್ಯಾಸಗಳಿವೆ. ಆದರೆ ಹೀಬ್ರೂ ಪದಗಳಲ್ಲಿ ಆ ಕಥೆಯನ್ನು ಓದಿದರೆ ಕಣ್ಣು ತುಂಬುತ್ತದೆ.

ಮಗುವಿನ ಹೆಸರು 'ಯಿಶ್ಮಾಏಲ್'. ಇದು ಎರಡು ಪದಗಳು ಸೇರಿ ಆದದ್ದು. 'ಯಿಶ್ಮಾ' ಎಂದರೆ ಕೇಳುತ್ತಾನೆ. 'ಏಲ್' ಎಂದರೆ ದೇವನು. ನಮ್ಮ 'ಸಮೀಅ್' ಎಂಬ ಪದದ ಧಾತುವೇ ಅಲ್ಲಿ 'ಶ'ಕಾರವಾಗಿ ನಿಂತಿದೆ. ನಾವು ಪ್ರತಿ ರಕಅತ್‌ನಲ್ಲಿ ರುಕೂಇನಿಂದ ಏಳುವಾಗ ಉಚ್ಚರಿಸುವ ಮೊದಲ ಪದದ ಧಾತುವೂ ಅದೇ. ಕಷ್ಟದಲ್ಲಿದ್ದ ಒಬ್ಬ ಹೆಣ್ಣುಮಗಳ ಮೊರೆ ಕೇಳಿಸಿತು ಎಂಬುದೇ ಆ ಮಗುವಿನ ಹೆಸರು. ಇಸ್ಮಾಈಲ್ ಎಂದು ನಾವು ಎಷ್ಟು ಸಲ ಕೂಗಿದರೂ ಆ ಸಾಕ್ಷ್ಯವನ್ನು ಹೇಳುತ್ತಿರುತ್ತೇವೆ.

ಅದೇ ಅಧ್ಯಾಯದಲ್ಲಿ ಹಾಜಿರಾ ದೇವನನ್ನು ಒಂದು ಹೆಸರಿನಿಂದ ಕರೆಯುತ್ತಾರೆ: 'ಏಲ್ ರೋಈ'. 'ರೋಈ'ಯ ಧಾತು ನೋಡುವುದಕ್ಕೆ ಸಂಬಂಧಿಸಿದ್ದು. ಅರಬಿಯ 'ರಆ', 'ರುಅ್‌ಯತ್' ಎಂಬ ಪದಗಳು ಅದರ ಬಂಧುಗಳು. ಚಂದ್ರದರ್ಶನದ ಸಮಿತಿಯನ್ನು ರುಅ್‌ಯತೆ ಹಿಲಾಲ್ ಸಮಿತಿ ಎನ್ನುವುದು ನಿಮಗೆ ನೆನಪಿರಬಹುದು. ಯಾರೂ ನೋಡದ ಕಡೆ ತನ್ನನ್ನು ನೋಡಿದವನು ಎಂಬ ಭಾವದಿಂದ ಒಬ್ಬ ಸ್ತ್ರೀ, ಅದೂ ಸೇವಕಿಯಾಗಿದ್ದ ಸ್ತ್ರೀ, ದೇವನಿಗೆ ಕೊಟ್ಟ ಹೆಸರು ಅದು. ಮಗನ ಹೆಸರಿನಲ್ಲಿ ಕೇಳುವವನು, ತಾಯಿಯ ಬಾಯಲ್ಲಿ ನೋಡುವವನು. ಕುರ್‌ಆನಿನಲ್ಲಿ ಸಮೀಅ್ ಮತ್ತು ಬಸೀರ್ ಎಂಬ ಎರಡು ಗುಣನಾಮಗಳು ಜೊತೆಯಾಗಿ ಬರುವ ಕಡೆ ಇನ್ನು ಮುಂದೆ ಒಂದು ಕ್ಷಣ ನಿಲ್ಲಿ. ಕನ್ನಡ ಅನುವಾದದಲ್ಲಾಗಲಿ, ಉರ್ದು ಅನುವಾದದಲ್ಲಾಗಲಿ ಇಸ್ಮಾಈಲ್ ಬರೀ ಒಂದು ಹೆಸರು. ಮೂಲದಲ್ಲಿ ಅದು ಒಂದು ವಾಕ್ಯ.

ಖುರ್ಬಾನಿ, ಸದಕಾ, ರಹಮ್

ನಮ್ಮ ಅಡುಗೆಮನೆಯ ಮಾತಿನಲ್ಲೇ ಇರುವ ಮೂರು ಪದಗಳನ್ನು ನೋಡೋಣ.

ದಖನಿಯಲ್ಲಿ ನಾವು 'ಖುರ್ಬಾನಿ' ಎನ್ನುತ್ತೇವೆ. ಕನ್ನಡದಲ್ಲಿ 'ಬಲಿ' ಎಂದು ಬರೆಯುತ್ತಾರೆ. ಬಲಿ ಎಂದೊಡನೆ ರಕ್ತ, ಚೂರಿ ಕಣ್ಣಮುಂದೆ ಬರುತ್ತವೆ. ಹೀಬ್ರೂವಿನಲ್ಲಿ ಇದು 'ಕೊರ್ಬಾನ್'. ಧಾತು ಕ್-ರ್-ಬ್, ಅಂದರೆ ಹತ್ತಿರ ಬರುವುದು. "ಘರ್ ಕೆ ಖರೀಬ್" ಎನ್ನುವಾಗಿನ ಖರೀಬ್ ಅದೇ. ಪ್ರಾಣಿಯ ಪ್ರಾಣ ಹೋಗುವುದು ಈ ಪದದ ಒಳಗಿಲ್ಲ, ಮನುಷ್ಯ ತನ್ನ ಒಡೆಯನಿಗೆ ಹತ್ತಿರವಾಗುವುದು ಇದೆ. ಮಾಂಸ, ರಕ್ತ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ನಿಮ್ಮ ತಖ್ವಾ ಎಂಬ ಕುರ್‌ಆನಿನ ಬೋಧನೆ ಆ ಪದದ ಹೊಟ್ಟೆಯೊಳಗಿಂದಲೇ ಬಂದಂತಿದೆ.

'ಸದಕಾ' ಹೀಬ್ರೂವಿನಲ್ಲಿ 'ತ್ಸೆದಾಕಾ'. ಕನ್ನಡದ 'ದಾನ'ದಲ್ಲಿ ಕೊಡುವವನು ಮೇಲೆ, ತೆಗೆದುಕೊಳ್ಳುವವನು ಕೆಳಗೆ. ಹೀಬ್ರೂ ಧಾತುವಿನ ಅರ್ಥ ನ್ಯಾಯ, ನೀತಿ. ಅರಬಿ ಧಾತುವಿನ ಅರ್ಥ ಸತ್ಯ. ಬಡವನಿಗೆ ಕೊಡುವುದು ನಮ್ಮ ಔದಾರ್ಯವಲ್ಲ, ಸಲ್ಲಬೇಕಾದದ್ದನ್ನು ಸಲ್ಲಿಸುವುದು ಎಂದು ಒಂದು ಭಾಷೆ ಹೇಳಿದರೆ, ಕೊಟ್ಟಾಗಲೇ ನಿಮ್ಮ ನಂಬಿಕೆ ನಿಜವೆಂದು ತಿಳಿಯುವುದು ಎಂದು ಇನ್ನೊಂದು ಭಾಷೆ ಹೇಳುತ್ತದೆ.

ಮೂರನೆಯದು 'ರಹಮ್'. ಹೀಬ್ರೂವಿನಲ್ಲಿ 'ರೆಹೆಮ್' ಎಂದರೆ ಗರ್ಭಕೋಶ, 'ರಹಮೀಮ್' ಎಂದರೆ ಕರುಣೆ. ಅರಬಿಯಲ್ಲೂ 'ರಹಿಮ್' ಗರ್ಭಕೋಶ, 'ರಹ್ಮತ್' ಕರುಣೆ. ರಹಿಮ್ ಎಂಬ ಪದಕ್ಕೂ ರಹ್ಮಾನ್ ಎಂಬ ಪವಿತ್ರ ನಾಮಕ್ಕೂ ಇರುವ ನಂಟನ್ನು ಹದೀಸ್‌ಗಳು ಎತ್ತಿ ಹೇಳಿವೆ. ಕರುಣೆ ಎಂಬುದಕ್ಕೆ ಉಪಮೆ ಹುಡುಕುವಾಗ ಈ ಎರಡೂ ಭಾಷೆಗಳು ತಾಯಿಯ ಒಡಲಿಗೆ ಬಂದು ನಿಂತವು. ಹೆಣ್ಣಿನ ದೇಹದ ಬಗ್ಗೆ ಅವಹೇಳನದಿಂದ ಮಾತನಾಡುವವರಿಗೆ ಈ ಒಂದು ಪದವನ್ನು ತೋರಿಸಿದರೆ ಸಾಕು.

ಮೋಸ ಮಾಡುವ ಪದಗಳೂ ಉಂಟು

ಆದರೆ ಎಚ್ಚರಿಕೆ ಬೇಕು. ಹಿಂದಿಯ 'ಶಿಕ್ಷಾ' ಎಂದರೆ ವಿದ್ಯೆ, ಕನ್ನಡದ 'ಶಿಕ್ಷೆ' ಎಂದರೆ ದಂಡನೆ. ಹಿಂದಿಯ 'ಉಪನ್ಯಾಸ' ಕಾದಂಬರಿ, ಕನ್ನಡದ 'ಉಪನ್ಯಾಸ' ಭಾಷಣ. ಮೂಲ ಒಂದೇ, ಆದರೆ ದಾರಿ ಬೇರೆಯಾಗಿದೆ. ಹೀಬ್ರೂ ಅರಬಿಗಳ ನಡುವೆಯೂ ಹಾಗೆಯೇ. ಅರಬಿಯಲ್ಲಿ 'ಲಹ್ಮ್' ಎಂದರೆ ಮಾಂಸ, ಹೀಬ್ರೂವಿನಲ್ಲಿ 'ಲೆಹೆಮ್' ಎಂದರೆ ರೊಟ್ಟಿ. ಹ. ಈಸಾ(ಅ) ಅವರ ಜನ್ಮಸ್ಥಳವೆಂದು ಕ್ರೈಸ್ತರು ಗೌರವಿಸುವ ಬೆತ್ಲೆಹೆಮ್ ಹೀಬ್ರೂವಿನಲ್ಲಿ ರೊಟ್ಟಿಯ ಮನೆ, ಅರಬಿಯ ಬೈತ್ ಲಹ್ಮ್ ಎಂಬ ಹೆಸರಿನಲ್ಲಿ ಮಾಂಸದ ಮನೆ! ಹೀಬ್ರೂವಿನ 'ಹಾಲಖ್' ನಡೆದನು, ಅರಬಿಯ 'ಹಲಕ' ನಾಶವಾದನು.

ಆದ್ದರಿಂದ ಅರಬಿ ಬಲ್ಲೆನೆಂದು ಹೀಬ್ರೂವಿಗೆ ಊಹೆಯಿಂದ ಅರ್ಥ ಹೇಳಬಾರದು. ಪದದ ವಂಶಾವಳಿ ತಿಳಿದರೆ ಸಾಲದು, ಆ ಗ್ರಂಥದಲ್ಲಿ ಅದು ಹೇಗೆ ಬಳಕೆಯಾಗಿದೆ ಎಂದೂ ನೋಡಬೇಕು. ಧಾತು ಬಾಗಿಲು ತೆರೆಯುತ್ತದೆ. ಮನೆಯೊಳಗೆ ಏನಿದೆ ಎಂದು ಹೇಳುವುದು ವಾಕ್ಯ. ಇದನ್ನು ಮರೆತು ಒಂದು ಪದದಿಂದ ದೊಡ್ಡ ಸಿದ್ಧಾಂತ ಕಟ್ಟುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ.

ನಮ್ಮವರು ನಡೆದ ದಾರಿ

ಇನ್ನೊಬ್ಬರ ಗ್ರಂಥವನ್ನು ಓದುವುದೇ ಎಂದು ಕೆಲವರಿಗೆ ಸಂಕೋಚವಾಗಬಹುದು. ಮೂಲ ತೌರಾತ್ ಮತ್ತು ಇಂದು ಕೈಯಲ್ಲಿರುವ ಗ್ರಂಥದ ಬಗ್ಗೆ ನಮ್ಮ ವಿದ್ವಾಂಸರ ಅಭಿಪ್ರಾಯ ಎಲ್ಲರಿಗೂ ತಿಳಿದದ್ದೇ. ಓದುವುದೆಂದರೆ ಎಲ್ಲವನ್ನೂ ಒಪ್ಪುವುದೆಂದಲ್ಲ, ತಿಳಿದು ಮಾತನಾಡುವುದು ಎಂದರ್ಥ. ಪ್ರವಾದಿ(ಸ) ಅವರು ಯುವಕ ಝೈದ್ ಬಿನ್ ಸಾಬಿತ್(ರ) ಅವರಿಗೆ ಯಹೂದಿಯರ ಬರಹವನ್ನು ಕಲಿಯುವಂತೆ ಹೇಳಿದರೆಂದೂ, ಅವರು ಸುಮಾರು ಹದಿನೈದು ದಿನಗಳಲ್ಲಿ ಕಲಿತರೆಂದೂ ತಿರ್ಮಿದಿಯ ವರದಿಯಲ್ಲಿದೆ. ಮುಂದೆ ಹ. ಅಬೂಬಕರ್(ರ) ಅವರ ಕಾಲದಲ್ಲಿ ಕುರ್‌ಆನಿನ ಪ್ರತಿಯನ್ನು ಸಂಗ್ರಹಿಸುವ ಹೊಣೆ ಹೊತ್ತದ್ದು ಇದೇ ಝೈದ್.

ಆ ಕಡೆಯಿಂದಲೂ ಕೈ ಚಾಚಿದವರಿದ್ದರು. 10ನೇ ಶತಮಾನದಲ್ಲಿ ಬಗ್ದಾದ್ ಸೀಮೆಯ ಯಹೂದಿ ವಿದ್ವಾಂಸ ಸಅದಿಯಾ ತೌರಾತನ್ನು ಅರಬಿಗೆ ಅನುವಾದಿಸಿದರು. ಅದರಲ್ಲಿ ದೇವನಿಗೆ ಬಳಸಿದ ಪದ 'ಅಲ್ಲಾಹ್'. ಹೀಬ್ರೂ ಕ್ರಿಯಾಪದಗಳಿಗೆ ಮೂರು ಅಕ್ಷರದ ಧಾತು ಇದೆ ಎಂಬ ನಿಯಮವನ್ನು ಸ್ಥಿರಪಡಿಸಿದವರು ಸ್ಪೇನಿನ ಕುರ್ತುಬಾದಲ್ಲಿದ್ದ ಯಹೂದಿ ಪಂಡಿತ ಹಯ್ಯೂಜ್. ಅವರು ಅರಬಿ ವ್ಯಾಕರಣದಿಂದ ಕಲಿತು, ತಮ್ಮ ಪುಸ್ತಕಗಳನ್ನು ಅರಬಿಯಲ್ಲೇ ಬರೆದರು. ನಂತರ ಇಬ್ನ್ ಜನಾಹ್ ಹೀಬ್ರೂ ಧಾತುಗಳ ನಿಘಂಟನ್ನೂ ಅರಬಿಯಲ್ಲೇ ರಚಿಸಿದರು. ಇಂದು ಹೀಬ್ರೂ ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಮುಸ್ಲಿಮ್ ನಾಡಿನ ಪಾಠಶಾಲೆಯ ಋಣದಲ್ಲಿದ್ದಾನೆ.

ನಮ್ಮ ದೇಶದಲ್ಲಿ ಸರ್ ಸಯ್ಯದ್ ಅಹ್ಮದ್ ಖಾನ್ 1862ರಲ್ಲಿ ಬೈಬಲಿನ ಬಗ್ಗೆ 'ತಬ್‌ಯೀನುಲ್ ಕಲಾಮ್' ಎಂಬ ಉರ್ದು ವ್ಯಾಖ್ಯಾನವನ್ನು ಪ್ರಕಟಿಸಲು ತೊಡಗಿದರು. ಅದಕ್ಕಾಗಿ ಹೀಬ್ರೂ ಅಚ್ಚಿನ ಮೊಳೆಗಳನ್ನೂ ತರಿಸಿದರು. ಅವರ ನಂತರ ಮೌಲಾನಾ ಹಮೀದುದ್ದೀನ್ ಫರಾಹೀ (1863-1930) ಅಲಿಗಢದಲ್ಲಿ ಜರ್ಮನ್ ಯಹೂದಿ ವಿದ್ವಾಂಸ ಜೋಸೆಫ್ ಹೊರೊವಿಟ್ಜ್ ಅವರಿಂದ ಹೀಬ್ರೂ ಕಲಿತರು. ಇದೇ ಫರಾಹೀ 1914ರಿಂದ 1919ರವರೆಗೆ ಹೈದರಾಬಾದಿನ ದಾರುಲ್ ಉಲೂಮ್‌ನ ಪ್ರಾಂಶುಪಾಲರಾಗಿದ್ದರು. ಆಗ ಬೀದರ್, ಹುಮನಾಬಾದ್, ಕಲ್ಯಾಣ, ಕೊಡಂಬಲ ಎಲ್ಲವೂ ಹೈದರಾಬಾದ್ ಸಂಸ್ಥಾನದ ಭಾಗ. ಅಂದರೆ ನಮ್ಮ ಅಜ್ಜಂದಿರ ಕಾಲದ ರಾಜಧಾನಿಯಲ್ಲೇ, ತೌರಾತನ್ನು ಮೂಲ ಭಾಷೆಯಲ್ಲಿ ಓದಬಲ್ಲ ಮುಸ್ಲಿಮ್ ವಿದ್ವಾಂಸರೊಬ್ಬರು ಪಾಠ ಹೇಳುತ್ತಿದ್ದರು.

ಫರಾಹೀ ಬರೆದ ಒಂದು ಅರಬಿ ಪುಸ್ತಕದ ವಿಷಯ, ಹ. ಇಬ್ರಾಹೀಮ್(ಅ) ಖುರ್ಬಾನಿಗೆ ಕರೆದೊಯ್ದ ಮಗ ಯಾರು ಎಂಬುದು. ಅವರು ತೌರಾತ್‌ನ ಪದಗಳನ್ನೇ ಹಿಡಿದು ವಾದಿಸುತ್ತಾರೆ. ಅಲ್ಲಿ ಆ ಮಗನನ್ನು 'ಯಾಹೀದ್' ಎಂದು ಕರೆಯಲಾಗಿದೆ. ನಮ್ಮ 'ವಾಹಿದ್'ನ ಬಂಧು, ಒಬ್ಬನೇ ಎಂದರ್ಥ. ತೌರಾತ್‌ನ ಲೆಕ್ಕದಂತೆಯೇ ಇಬ್ರಾಹೀಮರಿಗೆ 86 ವರ್ಷವಾದಾಗ ಇಸ್ಮಾಈಲ್, 100 ವರ್ಷವಾದಾಗ ಇಸ್‌ಹಾಕ್ ಜನಿಸಿದರು. ಹಾಗಾದರೆ 'ಒಬ್ಬನೇ ಮಗ' ಎಂಬ ಪದ ಯಾರಿಗೆ ಹೊಂದುತ್ತದೆ ಎಂಬುದು ಪ್ರಶ್ನೆ. ಆದರೆ ಅದೇ ವಾಕ್ಯದಲ್ಲಿ ಇಸ್‌ಹಾಕ್ ಎಂಬ ಹೆಸರೂ ಇದೆ, 'ಯಾಹೀದ್' ಎಂದರೆ ಅತಿ ಪ್ರೀತಿಯ ಮಗ ಎಂದು ಯಹೂದಿ ವಿದ್ವಾಂಸರು ಉತ್ತರಿಸುತ್ತಾರೆ. ಈ ಚರ್ಚೆಯ ರೀತಿಯನ್ನು ಗಮನಿಸಿ. ಬೈಗುಳವಿಲ್ಲ, ಅಬ್ಬರವಿಲ್ಲ. ಎರಡು ಕಡೆಯವರೂ ಒಂದೇ ಪದದ ಮೇಲೆ ಬೆರಳಿಟ್ಟು ಮಾತನಾಡುತ್ತಿದ್ದಾರೆ.

ಕನ್ನಡಕ್ಕೆ ಈ ಗ್ರಂಥ ಬಂದ ಕಥೆಯೂ ತಾಳ್ಮೆಯದೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು, ಜೊತೆಗಾರರೊಂದಿಗೆ ದುಡಿದು ಇಡೀ ಬೈಬಲನ್ನು ಕನ್ನಡದಲ್ಲಿ ಪೂರ್ಣಗೊಳಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಇಂದು ಹೀಬ್ರೂವನ್ನು ಕ್ರಮವಾಗಿ ಕಲಿಯುವ ವ್ಯವಸ್ಥೆ ನಮ್ಮ ರಾಜ್ಯದಲ್ಲೂ ಇದೆ. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾದ್ರಿಗಳಾಗುವ ವಿದ್ಯಾರ್ಥಿಗಳಿಗೆ, ವಿದ್ಯಾರ್ಥಿನಿಯರಿಗೆ ಹೀಬ್ರೂ ಕಲಿಸುತ್ತಾರೆ.

ಮನೆಯಲ್ಲಿ ಆರಂಭಿಸುವುದು ಹೇಗೆ?

ನೀವೆಲ್ಲ ಹೀಬ್ರೂ ಪಂಡಿತೆಯರಾಗಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಆ ಓದಿನ ಕ್ರಮವನ್ನು ಕಲಿಯಬಹುದು.

ಮೊದಲು ನೀವು ಬಲ್ಲ ಗ್ರಂಥದಿಂದಲೇ ಆರಂಭಿಸಿ. ನಮಾಜಿನಲ್ಲಿ ಓದುವ ಚಿಕ್ಕ ಸೂರಃ ಒಂದನ್ನು ತೆಗೆದುಕೊಳ್ಳಿ. ದಿನಕ್ಕೆ ಒಂದೇ ಪದ. ಅದರ ಮೂರು ಅಕ್ಷರದ ಧಾತು ಯಾವುದು? ಆ ಧಾತುವಿನ ಇನ್ನಾವ ಪದ ನಿಮ್ಮ ಉರ್ದುವಿನಲ್ಲಿ ಈಗಾಗಲೇ ಇದೆ? ಕುರ್‌ಆನಿನಲ್ಲಿ ಅದು ಬೇರೆಲ್ಲಿ ಬಂದಿದೆ? ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕುರ್‌ಆನಿನಲ್ಲಿ ಒಟ್ಟು ಸುಮಾರು 77 ಸಾವಿರ ಪದಗಳಿದ್ದರೂ ಅದೇ ಪದಗಳು ಮತ್ತೆ ಮತ್ತೆ ಬರುವುದರಿಂದ ಕೆಲವು ನೂರು ಪದಗಳು ಗೊತ್ತಾದರೆ ಪ್ರತಿ ಪುಟದಲ್ಲೂ ಪರಿಚಿತ ಮುಖಗಳು ಕಾಣತೊಡಗುತ್ತವೆ.

ಹೀಬ್ರೂ ಗ್ರಂಥದಲ್ಲಿ ಸುಮಾರು 3 ಲಕ್ಷ ಪದಗಳಿವೆ. ಭಾಷೆ ಬಾರದವರಿಗೂ ಅನುಕೂಲವಾಗಲೆಂದು ಜೇಮ್ಸ್ ಸ್ಟ್ರಾಂಗ್ ಎಂಬ ಅಮೆರಿಕನ್ ಪ್ರಾಧ್ಯಾಪಕರು 1890ರಲ್ಲಿ ಪ್ರತಿ ಮೂಲಪದಕ್ಕೂ ಒಂದು ಸಂಖ್ಯೆ ಕೊಟ್ಟು, 8 ಸಾವಿರಕ್ಕೂ ಹೆಚ್ಚು ಪದಗಳ ಪಟ್ಟಿ ಮಾಡಿದರು. ಆ ಸಂಖ್ಯೆ ಹಿಡಿದು ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಯಾರು ಬೇಕಾದರೂ ನೋಡಬಹುದು. ಈಗ ಇದು ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಕುರ್‌ಆನಿನ ಪದಕೋಶವೂ ಹಾಗೆಯೇ ಒಂದೊಂದು ಪದದ ವ್ಯಾಕರಣವನ್ನು ಬಿಡಿಸಿ ತೋರಿಸುತ್ತದೆ. ಸಂಶಯ ಬಂದಲ್ಲಿ ತಿಳಿದವರನ್ನು ಕೇಳಿ. ಕೇಳುವಾಗ ಕೈಯಲ್ಲಿ ಆ ಪದವಿರಲಿ.

ಬೀದರ್ ಜಿಲ್ಲೆಯ ಊರುಗಳಲ್ಲಿ ಮಸೀದಿ, ಮಠ, ಮಂದಿರಗಳ ಜೊತೆಗೆ ಮೆಥೋಡಿಸ್ಟ್ ಚರ್ಚುಗಳೂ ಇವೆ. ನೆರೆಮನೆಯ ಕ್ರೈಸ್ತ ಸಹೋದರಿಯ ಕೈಯಲ್ಲಿರುವ ಕನ್ನಡ ಬೈಬಲಿನ ಮೊದಲ ಭಾಗ ಈ ಹೀಬ್ರೂ ಗ್ರಂಥವೇ. ಅವಳ ಗ್ರಂಥದಲ್ಲಿ ಹಾಗಿದೆಯಂತೆ ಹೀಗಿದೆಯಂತೆ ಎಂದು ಕೇಳಿದ ಮಾತನ್ನು ಹರಡುವ ಮೊದಲು ನಾವೂ ನಮ್ಮನ್ನೇ ಕೇಳಿಕೊಳ್ಳಬೇಕು: ಯಾವ ಪದ? ನಮ್ಮ ಗ್ರಂಥದ ಬಗ್ಗೆ ಇತರರು ಒಂದು ಪದವನ್ನು ಕಿತ್ತು ತೋರಿಸಿ ಆಡಿಕೊಂಡಾಗ ನಮಗೆಷ್ಟು ನೋವಾಗುತ್ತದೆ! ಆ ನೋವನ್ನು ಬಲ್ಲವರು ಇನ್ನೊಬ್ಬರ ಗ್ರಂಥವನ್ನು ಮುಟ್ಟುವಾಗ ಕೈ ತೊಳೆದುಕೊಂಡೇ ಮುಟ್ಟಬೇಕು.

ಸಹೋದರಿಯರೇ, ಓದು ಎಂಬುದು ಕುರ್‌ಆನಿನ ಮೊದಲ ಆದೇಶ. ಆ ಆದೇಶದಲ್ಲಿ ಎಷ್ಟು ಪುಟ ಓದಬೇಕೆಂದು ಹೇಳಿಲ್ಲ. ಇಂದು ರಾತ್ರಿ ಮಕ್ಕಳನ್ನು ಮಲಗಿಸುವ ಮುನ್ನ ಇಸ್ಮಾಈಲ್ ಎಂಬ ಒಂದು ಹೆಸರಿನ ಅರ್ಥವನ್ನು ಅವರಿಗೆ ಹೇಳಿ. ನಾಳೆ ಇನ್ನೊಂದು ಪದ.